ಪೆಟ್ಟು ತಿನ್ನೋದು ಕಲಿಸಿದ ಮೇಷ್ಟ್ರು, ಪೆಟ್ಟು ತಿನ್ನದ ಮಾಸ್ಟರುಗಳು

2017ರ ಏಪ್ರಿಲ್ ಕೊನೆಯಲ್ಲಿ ಚೀನಾದ ಚೆಂಗ್ಡು ಊರಲ್ಲಿ ಒಂದು ಫೈಟ್ ನಡೀತು, ಆ ವಿಡಿಯೋ ಇವತ್ತಿಗೂ ಯಾವುದೋ ಗ್ರೂಪಲ್ಲಿ ಯಾರೋ ಫಾರ್ವರ್ಡ್ ಮಾಡ್ತಾನೇ ಇರ್ತಾರೆ. ಒಂದು ಕಡೆ ಶೂ ಶ್ಯಾವ್‌ಡಾಂಗ್ ಅನ್ನೋ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಫೈಟಿಂಗು) ಕೋಚು, ಇನ್ನೊಂದು ಕಡೆ ವೇ ಲೇ ಅನ್ನೋ ತೈಚಿ, ಅಂದ್ರೆ ನಿಧಾನ ಚಲನೆಯ ಚೀನೀ ಸಮರಕಲೆಯ ಮಾಸ್ಟರು. ಅರ್ಧ ನಿಮಿಷನೂ ಆಗಿರ್ಲಿಲ್ಲ, ಮಾಸ್ಟರು ನೆಲದ ಮೇಲೆ, ಮೇಲಿಂದ ಗುದ್ದುಗಳ ಮಳೆ, ಮುಗೀತು ಕಥೆ. ಈ ಮನುಷ್ಯನ್ನ ಅದಕ್ಕೆ ಎರಡು ವರ್ಷ ಮುಂಚೆ ಚೀನಾದ ಸರ್ಕಾರಿ ಟಿವಿಯಲ್ಲೇ ತೋರಿಸಿದ್ರು, ಅಂಗೈ ಮೇಲೆ ಹಕ್ಕಿ ಕೂರಿಸಿಕೊಂಡು ಅದು ಹಾರೋಕೇ ಆಗದ ಹಾಗೆ ಮಾಡ್ತಾರೆ ಅಂತ. ಹಕ್ಕಿ ಹಾರಬೇಕು ಅಂದ್ರೆ ಕಾಲಲ್ಲಿ ಒಂದು ಸಲ ಒತ್ತಬೇಕಲ್ಲ, ಆ ಒತ್ತು ಬಂದ ಕ್ಷಣಕ್ಕೆ ಅಂಗೈ ಜಾರಿಸಿಬಿಟ್ರೆ ಅದಕ್ಕೆ ಒದೆಯೋಕೆ ನೆಲನೇ ಸಿಗಲ್ಲ, ಇದು ತೈಚಿಯ ಹಳೇ ದಂತಕಥೆ, ಕೇಳೋಕೆ ಏನೋ ಚೆನ್ನಾಗಿದೆ. ಆದ್ರೆ ಎದುರಿಗೆ ಬಂದಿದ್ದು ಹಕ್ಕಿ ಅಲ್ವಲ್ಲ.

ಮೂರು ವರ್ಷ ಬಿಟ್ಟು 2020ರ ಮೇ ತಿಂಗಳಲ್ಲಿ ಮಾ ಬಾವ್‌ಗ್ವೋ ಅನ್ನೋ ಎಪ್ಪತ್ತರ ಹತ್ತಿರದ ಇನ್ನೊಬ್ಬ ಮಾಸ್ಟರು ರಿಂಗ್‌ಗೆ ಇಳಿದು ಸುಮಾರು ಮೂವತ್ತು ಸೆಕೆಂಡಲ್ಲಿ ಮೂರು ಸಲ ಬಿದ್ರು, ಮೂರನೇ ಸಲ ಎಚ್ಚರನೇ ಇರ್ಲಿಲ್ಲ. ಅದೇ ವರ್ಷ ಡಿಸೆಂಬರಲ್ಲಿ ಯುನೆಸ್ಕೋ ತೈಚಿಯನ್ನ ಮನುಕುಲದ ಅಮೂರ್ತ ಪರಂಪರೆ ಪಟ್ಟಿಗೆ ಸೇರಿಸ್ತು. ಅಂದ್ರೆ ಒಂದೇ ವರ್ಷದಲ್ಲಿ ಇಡೀ ಇಂಟರ್ನೆಟ್ಟೇ ನಕ್ಕಿದ್ದೂ ತೈಚಿಯನ್ನೇ, ಇಡೀ ಪ್ರಪಂಚ ಸನ್ಮಾನ ಮಾಡಿದ್ದೂ ತೈಚಿಗೇ.

ಈ ವಿಡಿಯೋಗಳ ಕೆಳಗಿನ ಜಗಳ ಯಾವಾಗಲೂ ಒಂದೇ ತರ ಇರತ್ತೆ. ಒಂದು ಗುಂಪು ತೈಚಿ ಅಂದ್ರೆನೇ ಬುರುಡೆ ಅನ್ನತ್ತೆ, ಇನ್ನೊಂದು ಗುಂಪು ಇವ್ರು ಅಸಲಿ ಮಾಸ್ಟರಲ್ಲ, ಅಸಲಿ ಮಾಸ್ಟರು ಬೆಟ್ಟದ ಮೇಲೆ ಎಲ್ಲೋ ಕೂತಿದಾರೆ ಅನ್ನತ್ತೆ. ನನಗೆ ಈ ಎರಡರಲ್ಲೂ ಆಸಕ್ತಿ ಇಲ್ಲ. ನನಗೆ ಕಾಡಿದ ಪ್ರಶ್ನೆ ಬೇರೆ, ಸೋಲೋದನ್ನೇ ಮೊದಲ ಪಾಠ ಅಂತ ಕಲಿಸೋ ಒಂದು ವಿದ್ಯೆಯ ಮಾಸ್ಟರುಗಳು ಸೋಲಿಗೆ ಇಷ್ಟು ತಯಾರಿ ಇಲ್ಲದೆ ಬೆಳೆದಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ನಾನಂತೂ ಪ್ರತಿ ಸಲ ಹೋಗಿ ನಿಲ್ಲೋದು ಒಬ್ಬ ಮನುಷ್ಯನ ಹತ್ರ, ಚೆಂಗ್ ಮಾನ್‌ಚಿಂಗ್. ಈಗಿನ ಚೀನೀ ಉಚ್ಚಾರಣೆಯಲ್ಲಿ ಝೆಂಗ್ ಮಾನ್‌ಚಿಂಗ್, ಅಮೆರಿಕದ ಶಿಷ್ಯರ ಬಾಯಲ್ಲಿ ಬರೀ 'ಪ್ರೊಫೆಸರ್'.

1902ರಲ್ಲಿ ಝೆಜ್ಯಾಂಗ್ ಪ್ರಾಂತ್ಯದ ಯೋಂಗ್‌ಜ್ಯಾದಲ್ಲಿ, ಅಂದ್ರೆ ಈಗಿನ ವೆನ್‌ಜೋ ಕಡೆ ಹುಟ್ಟಿದವರು. ಅಪ್ಪ ಬೇಗ ತೀರಿಹೋದ್ರು, ಮನೇಲಿ ಬಡತನ. ಒಂಬತ್ತು ವರ್ಷದ ಆಸುಪಾಸಲ್ಲಿ ತಲೆ ಮೇಲೆ ಇಟ್ಟಿಗೆ ಬಿದ್ದು ಪ್ರಜ್ಞೆ ತಪ್ಪಿತ್ತಂತೆ, ಬದುಕಿದ್ರೂ ಓದಿದ್ದೆಲ್ಲ ಮರೆತುಹೋಗಿತ್ತಂತೆ. ಓದು ಹತ್ತದ ಹುಡುಗನ್ನ ಒಬ್ಬ ಚಿತ್ರಕಾರರ ಹತ್ರ ಬಿಟ್ರು, ಕೆಲಸ ಏನಪ್ಪಾ ಅಂದ್ರೆ ಮಸಿ ಅರೆಯೋದು. ಚೀನೀ ಚಿತ್ರಕಲೆಯಲ್ಲಿ ಮಸಿ ಬಾಟಲಿಯಿಂದ ಬರಲ್ಲ, ಗಟ್ಟಿ ಮಸಿಕಡ್ಡಿಯನ್ನ ಕಲ್ಲಿನ ಮೇಲೆ ಒಂಚೂರು ನೀರು ಹಾಕಿ ಗಂಧ ತೇಯ್ದ ಹಾಗೆ ತೇಯ್ಬೇಕು, ಜೋರಾಗಿ ಒತ್ತಿದ್ರೆ ಮಸಿ ಒರಟಾಗತ್ತೆ, ಒತ್ತದೇ ಇದ್ರೆ ಏಳೋದೇ ಇಲ್ಲ. ಆ ವಯಸ್ಸಲ್ಲೇ ಮಣಿಕಟ್ಟಿಗೆ ಸಿಕ್ಕ ಪಾಠ ಮುಂದೆ ತೈಚಿಗೆ ಬಂತು ಅನ್ನೋದು ನನ್ನ ಊಹೆ ಅಷ್ಟೇ, ಪ್ರೂಫ್ ಕೇಳ್ಬೇಡಿ. ಹದಿಹರೆಯದಲ್ಲೇ ಚಿತ್ರ ಮಾರಿ ಮನೆ ನಡೆಸೋಕೆ ಶುರು ಮಾಡಿದ ಹುಡುಗ ಇಪ್ಪತ್ತರ ಹರೆಯದಲ್ಲಿ ಶಾಂಘೈನ ಕಲಾಶಾಲೆಯಲ್ಲಿ ಚೀನೀ ಚಿತ್ರಕಲೆ ವಿಭಾಗದ ಮುಖ್ಯಸ್ಥ ಆಗಿಬಿಟ್ಟಿದ್ರು.

ಅಲ್ಲೇ ಕ್ಷಯ ಹಿಡೀತು. ಕೆಮ್ಮಿದ್ರೆ ರಕ್ತ. ಸ್ಟ್ರೆಪ್ಟೊಮೈಸಿನ್ ಅನ್ನೋ ಔಷಧ ಕಂಡುಹಿಡಿದಿದ್ದೇ 1943ರಲ್ಲಿ, ಅಂದ್ರೆ 1920ರ ದಶಕದಲ್ಲಿ ಕ್ಷಯ ಬಂದವರಿಗೆ ಒಳ್ಳೆ ಗಾಳಿ, ಒಳ್ಳೆ ಊಟ, ರೆಸ್ಟು, ಆಮೇಲೆ ದೇವರ ದಯೆ, ಇಷ್ಟೇ. ಗೆಳೆಯರು ತೈಚಿ ಮಾಡು ಅಂದ್ರು, ಮಾಡಿದ್ರು, ಆರೋಗ್ಯ ಸುಧಾರಿಸ್ತು ಅಂತ ಅವರೇ ಬರೆದುಕೊಂಡಿದಾರೆ. ಇದನ್ನ ನಾನು ತೈಚಿ ಕ್ಷಯ ವಾಸಿ ಮಾಡತ್ತೆ ಅಂತ ಹೇಳೋಕೆ ಬರೀತಿಲ್ಲ ದಯವಿಟ್ಟು, ಕೆಲವರಿಗೆ ಆ ಕಾಯಿಲೆ ತಾನಾಗೇ ತಣ್ಣಗಾಗೋದೂ ಇತ್ತು. ಆದ್ರೆ ಒಬ್ಬ ಮನುಷ್ಯ ಹೊಡೆದಾಟಕ್ಕೆ ಅಂತ ಅಲ್ಲ, ಜೀವ ಉಳಿಸ್ಕೊಳ್ಳೋಕೆ ಅಂತ ಈ ವಿದ್ಯೆಗೆ ಬಂದ, ಅದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

1930ರ ಆಚೀಚೆ ಅವರಿಗೆ ಸಿಕ್ಕ ಗುರು ಯಾಂಗ್ ಚೆಂಗ್‌ಫು. ಇವರ ತಾತ ಯಾಂಗ್ ಲೂಚಾನ್, ಹೆನಾನ್ ಪ್ರಾಂತ್ಯದ ಚೆನ್‌ಜ್ಯಾಗೋ ಹಳ್ಳಿಯಲ್ಲಿ ಚೆನ್ ಮನೆತನದವರಿಂದ ಕಲಿತು ಬೀಜಿಂಗಿಗೆ ವಿದ್ಯೆ ತಂದವರು. ಮೊಮ್ಮಗನ ಕಾಲಕ್ಕೆ ರಾಜಮನೆತನ ಹೋಗಿ ಗಣರಾಜ್ಯ ಬಂದಿತ್ತು, ಚೀನಾವನ್ನ ಏಷ್ಯಾದ ರೋಗಿಷ್ಟ ಅಂತ ಎಲ್ಲರೂ ಆಡಿಕೊಳ್ತಿದ್ರು, ಜನರ ಮೈಗೆ ಕಸುವು ತುಂಬಬೇಕು ಅನ್ನೋದು ರಾಷ್ಟ್ರೀಯ ಕಾರ್ಯಕ್ರಮನೇ ಆಗಿತ್ತು. ಯಾಂಗ್ ಚೆಂಗ್‌ಫು ಹಳೇ ಪಟ್ಟಿನಲ್ಲಿದ್ದ ಜಿಗಿತ, ಕಾಲು ಅಪ್ಪಳಿಸೋದು, ಇದ್ದಕ್ಕಿದ್ದಂತೆ ಬಲ ಬಿಡೋದು ಇವನ್ನೆಲ್ಲ ಕಡಿಮೆ ಮಾಡಿ ಇಡೀ ಕ್ರಮವನ್ನ, ಅಂದ್ರೆ ಒಂದರ ಹಿಂದೊಂದು ಬರೋ ಭಂಗಿಗಳ ಸಾಲನ್ನ, ದೊಡ್ಡದಾಗಿ, ನಿಧಾನವಾಗಿ, ಒಂದೇ ವೇಗದಲ್ಲಿ ಹರಿಯೋ ಹಾಗೆ ಮಾಡಿದ್ರು. ಇವತ್ತು ಜಗತ್ತಿನ ಪಾರ್ಕುಗಳಲ್ಲಿ ಹಿರಿಯರು ನೀರೊಳಗೆ ನಡೆದಂಗೆ ಮಾಡ್ತಿರ್ತಾರಲ್ಲ, ಅದರ ಹೆಚ್ಚಿನ ಪಾಲು ಇವರ ಕೈಯಿಂದ ಬಂದಿದ್ದು. ಅಂದ್ರೆ ತೈಚಿ 'ಮೆತ್ತಗಾಯ್ತು' ಅನ್ನೋ ಕಂಪ್ಲೇಂಟ್ ಇದ್ಯಲ್ಲ, ಅದು ಚೆಂಗ್ ಕಾಲಕ್ಕಿಂತ ಮುಂಚಿನದು.

ಈ ಗುರು ಪಾಠ ಮಾಡುವಾಗ ದಿನಕ್ಕೆ ಹತ್ತು ಸಲ ಹೇಳ್ತಿದ್ದ ಪದ 'ಸುಂಗ್'. ಸಡಿಲ ಬಿಡು. ಸುಮ್ನೆ ರಿಲ್ಯಾಕ್ಸ್ ಆಗೋದಲ್ಲ ಇದು, ಸೋಫಾ ಮೇಲೆ ಕೂತು ಕಾಲು ಚಾಚೋದೂ ಅಲ್ಲ. ನಿಂತಿರಬೇಕು, ನೆಟ್ಟಗಿರಬೇಕು, ಆದ್ರೆ ನಿಲ್ಲೋಕೆ ಬೇಕಿಲ್ಲದ ಒಂದೊಂದು ಸ್ನಾಯುವನ್ನೂ ಕೈಬಿಡಬೇಕು. ಬಿಡದಿದ್ರೆ ನೀನು ಹೊಡೆಸಿಕೊಳ್ಳೋಕೆ ನಿಲ್ಲಿಸಿದ ಸ್ಟ್ಯಾಂಡು ಅಷ್ಟೇ ಅಂತ ಯಾಂಗ್ ಬೈತಿದ್ರಂತೆ. ಚೆಂಗ್ ಇದನ್ನ ಕೈಗೆ ಇಳಿಸಿದ್ದು ಹೇಗೆ ಅಂದ್ರೆ, ಮಿಕ್ಕ ಯಾಂಗ್ ಶೈಲಿಯವರು ತಳ್ಳುವಾಗ ಮಣಿಕಟ್ಟು ಹಿಂದಕ್ಕೆ ಮಡಚಿ ಅಂಗೈ ಮುಂದೆ ಮಾಡ್ತಾರೆ, ಚೆಂಗ್ ಮಾತ್ರ ಮುಂಗೈ, ಮಣಿಕಟ್ಟು, ಬೆರಳು ಎಲ್ಲ ಒಂದೇ ಗೆರೆಯಲ್ಲಿ ನೇರ ಇಟ್ರು. ಇದಕ್ಕೆ ಅವರಿಟ್ಟ ಹೆಸರು ಸುಂದರಿಯ ಕೈ. ನೀವೇ ಈಗ ಮಾಡಿ ನೋಡಿ, ಕೈ ಮುಂದೆ ಚಾಚಿ ಮಣಿಕಟ್ಟು ಪೂರ್ತಿ ಮೇಲಕ್ಕೆ ಮಡಚಿ, ಬೆರಳಿನ ತುದಿಯಲ್ಲಿ ಬಿಗಿತ ಗೊತ್ತಾಗತ್ತೆ, ಮೊಣಕೈವರೆಗೂ ಎಳೆಯತ್ತೆ. ಈಗ ನೇರ ಬಿಡಿ. ಆ ವ್ಯತ್ಯಾಸನೇ ಇಡೀ ಚೆಂಗ್ ಪಾಠಶಾಲೆ ಅಂದ್ರೂ ತಪ್ಪಿಲ್ಲ. ಅವರನ್ನ ಇಷ್ಟಪಡದ ಯಾಂಗ್ ಶೈಲಿಯವರು ಮೊದಲು ಬೆರಳು ತೋರಿಸೋದೂ ಈ ಕೈ ಕಡೆಗೇ, ಇದು ಮೂಲದಲ್ಲಿ ಇರ್ಲಿಲ್ಲ ಅಂತ.

ಅವರ ಮೇಲಿರೋ ಇನ್ನೊಂದು ತಕರಾರು, ಗುರುವಿನ ಹತ್ರ ಕಲಿತದ್ದು ಎಷ್ಟು ದಿನ? ಯಾಂಗ್ ಚೆಂಗ್‌ಫು 1936ರಲ್ಲಿ ತೀರಿಕೊಂಡ್ರು, ಶುರುವಿನ ವರ್ಷದ ಬಗ್ಗೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳ್ತಾರೆ, ಎಷ್ಟೇ ಎಳೆದ್ರೂ ಒಂದು ದಶಕ ಆಗಲ್ಲ. ಮನೆತನದ ಮಕ್ಕಳು ಇಪ್ಪತ್ತು ಮೂವತ್ತು ವರ್ಷ ಒದ್ದಾಡಿ ಕಲಿಯೋ ಕಡೆ ಇದು ಕಡಿಮೆನೇ. ಆದ್ರೆ ಚೆಂಗ್ ಚೀನೀ ವೈದ್ಯನೂ ಹೌದು, ಗುರುಪತ್ನಿಗೆ ಕಾಯಿಲೆ ಬಿದ್ದಾಗ ವಾಸಿ ಮಾಡಿದ್ರಂತೆ, ಆ ಋಣಕ್ಕೆ ಗುರು ಹೊರಗಿನವರಿಗೆ ಹೇಳದ ಮಾತುಗಳನ್ನ ಇವರಿಗೆ ಹೇಳಿಕೊಟ್ರಂತೆ, ಇದೂ ಚೆಂಗ್ ಅವರೇ ಬರೆದಿದ್ದು ಆದ್ದರಿಂದ ಎಷ್ಟು ಉಪ್ಪು ಖಾರ ಹಾಕ್ಕೊಂಡು ಓದ್ಬೇಕೋ ನಿಮಗೆ ಬಿಟ್ಟಿದ್ದು. ಅನುಮಾನ ಇಲ್ಲದ ವಿಷಯ ಅಂದ್ರೆ 1934ರಲ್ಲಿ ಯಾಂಗ್ ಚೆಂಗ್‌ಫು ಹೆಸರಲ್ಲಿ ಬಂದ ತೈಚಿ ಪುಸ್ತಕದ ಹಿಂದೆ ಚೆಂಗ್ ಕೈ ಇತ್ತು, ಮುನ್ನುಡಿನೂ ಅವರದೇ. ಕೈಯಲ್ಲಿ ವಿದ್ಯೆ ಇದ್ದ ಗುರು, ಕೈಯಲ್ಲಿ ಲೇಖನಿ ಇದ್ದ ಶಿಷ್ಯ. ನಮ್ಮಲ್ಲೂ ಇಂಥ ಜೋಡಿ ಎಷ್ಟಿಲ್ಲ ಹೇಳಿ.

ಆಮೇಲೆ ಜಪಾನ್ ಜೊತೆ ಯುದ್ಧ. ಚೆಂಗ್ ಹುನಾನ್ ಪ್ರಾಂತ್ಯದಲ್ಲಿ ಸಮರಕಲೆ ಸಂಸ್ಥೆಯ ಜವಾಬ್ದಾರಿ ಹೊತ್ಕೊಂಡ್ರು, ಎದುರಿಗೆ ಇದ್ದವರು ಜೀವನಪೂರ್ತಿ ಗುರುಮನೇಲಿ ಇರೋ ಶಿಷ್ಯರಲ್ಲ, ಕೆಲವೇ ವಾರದಲ್ಲಿ ಕಲಿತು ಹೋಗಬೇಕಾದ ಸೈನಿಕರು, ಅಧಿಕಾರಿಗಳು. ಯಾಂಗ್ ದೀರ್ಘ ಕ್ರಮ ಒಂದು ಸುತ್ತು ಮುಗಿಸೋಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು, ಕಲಿಯೋಕೆ ತಿಂಗಳುಗಟ್ಟಲೆ. ಇವರು ಅದರಲ್ಲಿ ಮತ್ತೆ ಮತ್ತೆ ಬರೋ ಭಂಗಿಗಳನ್ನ ತೆಗೆದು 37ಕ್ಕೆ ಇಳಿಸಿದ್ರು, ಹತ್ತು ನಿಮಿಷದೊಳಗೆ ಮುಗಿಯೋ ಹಾಗೆ. 1946ರ ಹೊತ್ತಿಗೆ ಇದರ ಮೇಲೆ ಹದಿಮೂರು ಅಧ್ಯಾಯದ ಪುಸ್ತಕ ರೆಡಿ ಇತ್ತು, ಅಚ್ಚಾಗಿದ್ದು 1950ರಲ್ಲಿ ತೈವಾನಲ್ಲಿ, ಯಾಕಂದ್ರೆ 1949ರಲ್ಲಿ ಕಮ್ಯುನಿಸ್ಟರು ಗೆದ್ದಾಗ ಚೆಂಗ್ ಕೂಡ ಸೋತ ಸರ್ಕಾರದ ನಾಯಕ ಚ್ಯಾಂಗ್ ಕೈಶೇಕ್ ಕಡೆಯವರ ಜೊತೆ ಸಮುದ್ರ ದಾಟಿದ್ರು. ಚ್ಯಾಂಗ್ ಅವರ ಹೆಂಡತಿಗೆ ಚಿತ್ರಕಲೆ ಹೇಳಿಕೊಟ್ಟವರೂ ಇವರೇ.

ಮಜಾ ನೋಡಿ, 1956ರಲ್ಲಿ ಕಮ್ಯುನಿಸ್ಟ್ ಚೀನಾದ ಕ್ರೀಡಾ ಆಯೋಗನೂ ಅದೇ ಯಾಂಗ್ ಶೈಲಿ ತಗೊಂಡು 24 ಭಂಗಿಗಳ ಚಿಕ್ಕ ಕ್ರಮ ಮಾಡ್ತು, ಐದಾರು ನಿಮಿಷದ್ದು, ಫ್ಯಾಕ್ಟರಿ ಕೆಲಸಗಾರರಿಂದ ಸ್ಕೂಲ್ ಮಕ್ಕಳವರೆಗೂ ಎಲ್ಲರಿಗೂ. ಎರಡು ಚೀನಾ, ಮುಖ ಕಂಡ್ರೆ ಆಗಲ್ಲ, ಆದ್ರೆ ಇಬ್ಬರೂ ಒಂದೇ ಗುರುವಿನ ವಿದ್ಯೆಗೆ ಕತ್ತರಿ ಹಾಕಿದ್ರು, ಅದೂ ಒಂದೇ ಕಾರಣಕ್ಕೆ, ಜನಕ್ಕೆ ಟೈಮಿಲ್ಲ. 24 ಪಾರ್ಕುಗಳಿಗೆ ಹೋಯ್ತು, 37 ನ್ಯೂಯಾರ್ಕಿಗೆ ಹೋಯ್ತು. ಇದನ್ನ ಹಾಳು ಮಾಡಿದ್ದು ಅನ್ನೋರು ಇದಾರೆ, ನಾನು ಒಪ್ಪಲ್ಲ, ಕತ್ತರಿ ಹಾಕದೇ ಇದ್ದಿದ್ರೆ ಇವತ್ತು ಈ ವಿದ್ಯೆ ಹೆನಾನಿನ ಒಂದು ಹಳ್ಳಿಯಲ್ಲೂ ಹತ್ತಾರು ಮನೆತನದಲ್ಲೂ ಉಳಿದಿರ್ತಿತ್ತು ಅಷ್ಟೇ. ಕತ್ತರಿ ತಪ್ಪಲ್ಲ, ಕತ್ತರಿಸಿ ಉಳಿದಿದ್ದರಲ್ಲಿ ಜನ ಯಾವುದನ್ನ ಇಟ್ಕೊಂಡ್ರು ಯಾವುದನ್ನ ಬಿಟ್ರು ಅನ್ನೋದರಲ್ಲಿ ಎಡವಟ್ಟಾಗಿದ್ದು.

ಬಿಟ್ಟಿದ್ದು ಏನು ಅಂದ್ರೆ ತುಯ್‌ಶೌ, ಜೋಡಿಯಾಗಿ ನಿಂತು ತಳ್ಳೋ ಅಭ್ಯಾಸ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಇಬ್ಬರು ಎದುರುಬದುರು, ಒಂದು ಕಾಲು ಮುಂದೆ, ಮುಂಗೈಗೆ ಮುಂಗೈ ತಾಗಿಸಿ. ಒಬ್ಬ ನಿಧಾನಕ್ಕೆ ತಳ್ತಾನೆ, ಇನ್ನೊಬ್ಬ ಎದುರಿಸಬಾರದು, ಓಡಿಹೋಗಲೂಬಾರದು, ಕೈ ಬಿಡದೆ ಅಂಟಿಕೊಂಡೇ ಸೊಂಟ ತಿರುಗಿಸಿ ಆ ಬಲ ಪಕ್ಕಕ್ಕೆ ಹೋಗೋ ಹಾಗೆ ದಾರಿ ಬಿಡಬೇಕು. ತಳ್ಳೋನು ಬಾಗಿಲು ಮುಚ್ಚಿದೆ ಅಂತ ಜೋರಾಗಿ ನೂಕಿದಾಗ ಬಾಗಿಲು ತೆರೆದೇ ಇದ್ರೆ ಹೇಗೆ ಮುಗ್ಗರಿಸ್ತಾನೋ ಹಾಗೆ. ಆಗ ಬೆರಳು ತಾಗಿಸಿದ್ರೂ ಸಾಕು ಬೀಳ್ತಾನೆ. ನಾಲ್ಕು ಲಿಯಾಂಗ್ ತೂಕದಿಂದ ಸಾವಿರ ಜಿನ್ ತೂಕ ತಿರುಗಿಸೋದು ಅಂತ ಹಳೇ ತೈಚಿ ಪದ್ಯದಲ್ಲಿ ಒಂದು ಸಾಲಿದೆ, ನಮ್ಮ ಲೆಕ್ಕಕ್ಕೆ ಕಾಲು ಕೆಜಿಗೂ ಕಡಿಮೆ ಬಲದಲ್ಲಿ ಅರ್ಧ ಟನ್ನಿನಷ್ಟನ್ನ. ಆದ್ರೆ ಹೊಸಬನಿಗೆ ಏನಾಗತ್ತೆ? ಎದುರಿನವನು ತಳ್ಳಿದ ತಕ್ಷಣ ಭುಜ ಬಿಗಿಯಾಗತ್ತೆ, ಉಸಿರು ಕಟ್ಟತ್ತೆ, ಮೈ ತಾನಾಗೇ ವಾಪಸ್ ತಳ್ಳತ್ತೆ, ಯಾಕಂದ್ರೆ ಬೀಳೋದು ಅಂದ್ರೆ ಅವಮಾನ. ಬಲದಲ್ಲಿ ಗೆದ್ದುಬಿಟ್ರೆ ಅವತ್ತು ಗೆದ್ದಂಗೆ, ಆದ್ರೆ ಸಡಿಲ ಬಿಡೋದು ಯಾವತ್ತೂ ಬರಲ್ಲ.

ಅದಕ್ಕೇ ಚೆಂಗ್ ಹೇಳ್ತಿದ್ದಿದ್ದು, ಮೊದಲು 'ಚಿ ಕ್ವೇ' ಕಲಿ. ಇಂಗ್ಲಿಷಿನವರು ಇದನ್ನ ನಷ್ಟದಲ್ಲಿ ಹಣ ಹೂಡು ಅನ್ನೋ ಅರ್ಥದಲ್ಲಿ ಅನುವಾದ ಮಾಡಿಕೊಂಡು ಶೇರು ಮಾರ್ಕೆಟ್ ಭಾಷೆ ಮಾಡಿಬಿಟ್ಟಿದಾರೆ. ಅದರ ಸೊಗಡು ಕನ್ನಡಕ್ಕೇ ಚೆನ್ನಾಗಿ ಬರತ್ತೆ, ಯಾಕಂದ್ರೆ ಚೀನೀ ಭಾಷೆಯಲ್ಲಿ 'ಚಿ' ಅಂದ್ರೆ ತಿನ್ನೋದು, 'ಕ್ವೇ' ಅಂದ್ರೆ ನಷ್ಟ. ನಾವೂ ಪೆಟ್ಟು ತಿಂತೀವಿ, ಒದೆ ತಿಂತೀವಿ, ಏಟು ತಿಂತೀವಿ. ಪೆಟ್ಟು ತಿನ್ನೋದು ಕಲಿ ಅಂದ್ರು ಮೇಷ್ಟ್ರು. ತಳ್ಳಿಸಿಕೋ, ಬೀಳು, ಎದ್ದು ಬಾ, ಮತ್ತೆ ತಳ್ಳಿಸಿಕೋ, ಬಿಗಿ ಆಗ್ಬೇಡ. ವರ್ಷಗಟ್ಟಲೆ. ಕೇಳೋಕೆ ಸುಲಭ, ಮಾಡೋಕೆ ಅಹಂಕಾರ ಬಿಡಲ್ಲ.

ತೈಪೆಯಲ್ಲಿ 1950ರಲ್ಲಿ ಶುರು ಮಾಡಿದ ಶಾಲೆಗೆ ಬಂದವರಲ್ಲಿ ಕೆಲವರು ಈ ಪಾಠ ನಿಜವಾಗಲೂ ತಿಂದವರು. ಹುವಾಂಗ್ ಶೆಂಗ್‌ಶ್ಯಾನ್ ಆಗಲೇ ಬಿಳಿ ಕೊಕ್ಕರೆ ಅನ್ನೋ ಕುಂಗ್‌ಫು ಶೈಲಿಯ ಹೆಸರುವಾಸಿ ಮಾಸ್ಟರು, ಅದೆಲ್ಲ ಪಕ್ಕಕ್ಕಿಟ್ಟು ಚೆಂಗ್ ಹತ್ರ ಹೊಸಬನ ಹಾಗೆ ಶುರು ಮಾಡಿದ್ರು, ಆಮೇಲೆ ಸಿಂಗಾಪುರ ಮಲೇಷ್ಯಾ ಕಡೆ ಹೋಗಿ 1970ರಲ್ಲಿ ಕುಚಿಂಗ್ ಊರಲ್ಲಿ ಅರವತ್ತನೇ ವಯಸ್ಸಲ್ಲಿ ಒಬ್ಬ ಕುಸ್ತಿಪಟು ಜೊತೆ ಎಲ್ಲರ ಎದುರಿಗೆ ಸೆಣಸಿ ಗೆದ್ರು. ಅಮೆರಿಕದ ರಾಬರ್ಟ್ ಸ್ಮಿತ್ 1959ರಿಂದ 62ರವರೆಗೆ ತೈವಾನಲ್ಲಿದ್ದವರು, ಕೆಲಸ ಸಿಐಎನಲ್ಲಿ, ಬಿಡುವಿನಲ್ಲಿ ಚೆಂಗ್ ಹತ್ರ ತಳ್ಳಿಸಿಕೊಳ್ಳೋದು. ಚೆಂಗ್ ಹೆಸರು ಇಂಗ್ಲಿಷ್ ಓದೋರಿಗೆ ಮುಟ್ಟಿದ್ದರಲ್ಲಿ ಇವರ ಬರವಣಿಗೆ ಪಾಲು ದೊಡ್ಡದು, 1967ರಲ್ಲಿ ಇಬ್ಬರೂ ಸೇರಿ ಪುಸ್ತಕನೇ ತಂದ್ರು.

ಅಷ್ಟೊತ್ತಿಗೆ ಚೆಂಗ್ ಕುಟುಂಬ ಸಮೇತ ನ್ಯೂಯಾರ್ಕಲ್ಲಿದ್ರು, 1964ರಿಂದ. ಚೈನಾಟೌನಿನ ಕೆನಾಲ್ ಸ್ಟ್ರೀಟಲ್ಲಿ ಕ್ಲಾಸು. ಉದ್ದ ಕೂದಲು, ಗಡ್ಡ ಬಿಟ್ಟ ಹಿಪ್ಪಿಗಳು, ಕಲಾವಿದರು, ಜೂಡೋ ಆಡೋರು, ವಿಯೆಟ್ನಾಂ ಯುದ್ಧದ ವಿರೋಧಿಗಳು ಎಲ್ಲ ಮೆಟ್ಟಿಲು ಹತ್ತಿ ಬರೋಕೆ ಶುರು ಮಾಡಿದ್ರು. ಒಳಗೆ ನೋಡಿದ್ರೆ ಉದ್ದ ನಿಲುವಂಗಿ ತೊಟ್ಟ, ಇಂಗ್ಲಿಷ್ ಬರದ, ತೆಳು ಗಡ್ಡದ ಪಕ್ಕಾ ಕನ್ಫ್ಯೂಷಿಯಸ್ ಸಂಪ್ರದಾಯಸ್ಥ. ಇಬ್ಬರಿಗೂ ಹೇಗೆ ಹೊಂದ್ತೋ ದೇವರಿಗೇ ಗೊತ್ತು, ಆದ್ರೆ ಹೊಂದ್ತು. ಹೊಂದದೇ ಇದ್ದಿದ್ದು ಅಲ್ಲಿನ ಚೀನೀ ಸಂಘದ ಹಿರಿಯರಿಗೆ, ಹೊರಗಿನವರಿಗೆ, ಅದರಲ್ಲೂ ಇಂಥ ಅವತಾರದವರಿಗೆ ವಿದ್ಯೆ ಯಾಕೆ ಅಂತ. ಚೆಂಗ್ ತೈವಾನಿಗೆ ಹೋಗಿದ್ದಾಗ ಈ ಶಿಷ್ಯರನ್ನ ಆಚೆ ಹಾಕಿ ಬೀಗ ಜಡಿದ್ರು ಅಂತ ಆ ಶಿಷ್ಯರೇ ಹೇಳ್ತಾರೆ. ವಾಪಸ್ ಬಂದ ಪ್ರೊಫೆಸರು ಹಿರಿಯರ ಕಡೆ ನಿಲ್ಲಲಿಲ್ಲ, ಅದೇ ಚೈನಾಟೌನಲ್ಲಿ 87 ಬೌರಿ ಅನ್ನೋ ವಿಳಾಸದಲ್ಲಿ ಬೇರೆ ಶಾಲೆ ಶುರುವಾಯ್ತು. ಆ ಒಂದು ನಿರ್ಧಾರ ಇಲ್ಲದೇ ಇದ್ದಿದ್ರೆ ಪಶ್ಚಿಮದಲ್ಲಿ ತೈಚಿ ಇಷ್ಟು ಬೇಗ ಹರಡ್ತಿತ್ತಾ, ನನಗೆ ಡೌಟೇ.

ಇಲ್ಲಿಗೆ ಹೊಗಳಿಕೆ ಸಾಕು, ಯಾಕಂದ್ರೆ ಇವತ್ತಿನ ರೋಗದ ಬೀಜನೂ ಇಲ್ಲೇ ಇದೆ. ಚೆಂಗ್ ಅವರ ಹಳೇ ಕಪ್ಪುಬಿಳುಪು ಫಿಲಂಗಳು ಈಗ ಆನ್‌ಲೈನಲ್ಲಿ ಸಿಗತ್ತೆ, ನೋಡಿ. ವಯಸ್ಸಾದ ಸಣ್ಣ ಮನುಷ್ಯ, ಕೈ ಇಟ್ಟ ಹಾಗೂ ಕಾಣಲ್ಲ, ಎದುರಿನ ಆಜಾನುಬಾಹು ಪುಟಿದು ಹಿಂದಕ್ಕೆ ಹೋಗ್ತಾನೆ. ಮೊದಲ ಸಲ ನೋಡಿದಾಗ ನಾನೂ ಬಾಯಿ ಬಿಟ್ಕೊಂಡೇ ನೋಡಿದ್ದು. ಐದಾರು ಸಲ ನೋಡಿದ್ಮೇಲೆ ಒಂದು ವಿಷಯ ಕಣ್ಣಿಗೆ ಬೀಳತ್ತೆ, ತಳ್ಳಿಸಿಕೊಳ್ಳೋರು ಯಾರೂ ಅವರನ್ನ ಕೆಡವೋಕೆ ಅಂತ ಬಂದವರಲ್ಲ, ಕಲಿಯೋಕೆ ಬಂದವರು, ಗುರು ಅಂತ ಭಕ್ತಿ ಇರೋರು, ಮೈ ಆಗಲೇ ಅರ್ಧ ದಾರಿ ಹೊರಟಿರತ್ತೆ. ಚೆಂಗ್ ಹತ್ರ ವಿದ್ಯೆ ಇರ್ಲಿಲ್ಲ ಅಂತ ನಾನು ಹೇಳ್ತಿಲ್ಲ, ತಳ್ಳಿಸಿಕೊಂಡ ಜೂಡೋ ಪಟುಗಳೇ ಇತ್ತು ಅಂತ ಹೇಳಿದಾರೆ. ಆದ್ರೆ ಅವರ ಕೈಯಲ್ಲಿ ಪಾಠವಾಗಿದ್ದ ಈ ದೃಶ್ಯ ಮುಂದಿನವರ ಕೈಯಲ್ಲಿ ಶೋ ಆಯ್ತು. ಪೆಟ್ಟು ತಿನ್ನೋದು ಶಿಷ್ಯನ ಪಾಲಿಗೆ ಮಾತ್ರ ಉಳೀತು, ಗುರು ಮುಟ್ಟೋದು, ಶಿಷ್ಯ ಹಾರೋದು, ಸುತ್ತ ಇದ್ದವರು ಚಪ್ಪಾಳೆ ತಟ್ಟೋದು. ಇಪ್ಪತ್ತು ಮೂವತ್ತು ವರ್ಷ ಹೀಗೇ ನಡೆದ್ರೆ ಯಾವ ಮಾಸ್ಟರಿಗಾದ್ರೂ ತಾನು ಮುಟ್ಟಿದ್ರೆ ಜನ ಹಾರ್ತಾರೆ ಅನ್ನೋ ನಂಬಿಕೆ ಬಂದೇ ಬರತ್ತೆ. ವೇ ಲೇ, ಮಾ ಬಾವ್‌ಗ್ವೋ ಮೋಸಗಾರರು ಅನ್ನೋದಕ್ಕಿಂತ ಭಯ ಹುಟ್ಟಿಸೋ ವಿಷಯ ಅಂದ್ರೆ ಅವರು ಪ್ರಾಮಾಣಿಕವಾಗಿ ನಂಬಿ ರಿಂಗಿಗೆ ಇಳಿದಂಗೆ ಕಾಣತ್ತೆ. ಮೋಸಗಾರ ಆಗಿದ್ರೆ ಅವತ್ತು ಜ್ವರ ಬರ್ತಿತ್ತು.

ಹಿಂದೆ ಇಂಥ ಫೈಟು ನಡೆದೇ ಇರ್ಲಿಲ್ಲ ಅಂತಲ್ಲ. 1954ರ ಜನವರಿಯಲ್ಲಿ ಮಕಾವ್‌ನಲ್ಲಿ ವೂ ಶೈಲಿ ತೈಚಿಯ ವೂ ಗೊಂಗ್ಯಿ, ಆಗ ಐವತ್ತು ದಾಟಿದ್ರು, ಬಿಳಿ ಕೊಕ್ಕರೆ ಶೈಲಿಯ ಮೂವತ್ತರ ಹರೆಯದ ಚೆನ್ ಕೆಫು ಜೊತೆ ರಿಂಗಲ್ಲಿ ಇಳಿದ್ರು, ಹಾಂಕಾಂಗಲ್ಲಿ ಬೆಂಕಿಗೆ ಮನೆ ಕಳ್ಕೊಂಡವರಿಗೆ ಹಣ ಎತ್ತೋಕೆ. ಆ ಫಿಲಂ ನೋಡಿದ್ರೆ ಯಾವ ಕೊಕ್ಕರೆನೂ ಕಾಣಲ್ಲ, ಯಾವ ತೈಚಿನೂ ಕಾಣಲ್ಲ, ಬಸ್‌ಸ್ಟ್ಯಾಂಡ್ ಜಗಳದ ತರ ಇಬ್ಬರೂ ಕೈ ಬೀಸ್ತಾರೆ, ಒಬ್ಬರ ಮೂಗಲ್ಲಿ ರಕ್ತ. ಎರಡನೇ ಸುತ್ತಲ್ಲೇ ನಿಲ್ಲಿಸಿ ಕೊಟ್ಟ ತೀರ್ಪು, ಗೆಲುವಲ್ಲ, ಸೋಲಲ್ಲ, ಡ್ರಾನೂ ಅಲ್ಲ! ಎರಡೂ ಶಾಲೆಯ ಮರ್ಯಾದೆ ಉಳೀತು, ಜನ ಎಷ್ಟು ಹುಚ್ಚೆದ್ದರು ಅಂದ್ರೆ ಹಾಂಕಾಂಗ್ ಪತ್ರಿಕೆಗಳಲ್ಲಿ ಕುಂಗ್‌ಫು ಧಾರಾವಾಹಿ ಕಾದಂಬರಿಗಳ ಹೊಸ ಅಲೆನೇ ಅಲ್ಲಿಂದ ಶುರುವಾಯ್ತು. ಆದ್ರೆ ಯಾರು ಎಲ್ಲಿ ತಪ್ಪಿದ್ರು ಅಂತ ಕಲಿಯೋ ಚಾನ್ಸನ್ನ ಆ ತೀರ್ಪು ನುಂಗಿಹಾಕ್ತು. 2017ರಲ್ಲಿ ರೆಫರಿಗಳ ಬದಲು ಮೊಬೈಲ್ ಕ್ಯಾಮೆರಾ ಇತ್ತು, ಅಷ್ಟೇ ವ್ಯತ್ಯಾಸ. ಆಗಲೂ ಒತ್ತಡ ಬಂದಿದ್ದು ಸೋತವರ ಮೇಲಲ್ಲ ನೋಡಿ, ಸೋಲಿಸಿದ ಶೂ ಶ್ಯಾವ್‌ಡಾಂಗ್ ಮೇಲೆ, ಅವರ ಸೋಶಿಯಲ್ ಮೀಡಿಯಾ ಅಕೌಂಟು ಅಳಿಸಿಹೋಯ್ತು, ಆಮೇಲೆ ಒಬ್ಬ ಹಿರಿಯ ತೈಚಿ ಮಾಸ್ಟರಿಗೆ ಅವಮಾನ ಮಾಡಿದ ಕೇಸಲ್ಲಿ ಕ್ಷಮೆ ಕೇಳಬೇಕು ಅಂತ ಕೋರ್ಟ್ ಆರ್ಡರ್ ಕೂಡ ಬಂತು.

ಇನ್ನು ಆರೋಗ್ಯದ ಕಡೆ. ಇಲ್ಲಿ ತೈಚಿ ಗೆದ್ದಿದೆ, ಮತ್ತು ಯಾರೂ ಹಾರದೇ ಗೆದ್ದಿದೆ. 1996ರಲ್ಲಿ ಅಟ್ಲಾಂಟಾದಲ್ಲಿ ಎಪ್ಪತ್ತು ದಾಟಿದ 200 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ 15 ವಾರದ ತೈಚಿ ಮಾಡಿದ ಗುಂಪಲ್ಲಿ ಮತ್ತೆ ಮತ್ತೆ ಬೀಳೋ ರಿಸ್ಕ್ 47.5 ಪರ್ಸೆಂಟ್ ಕಡಿಮೆ ಆಯ್ತು. 2012ರಲ್ಲಿ ಆರೆಗಾನ್ ರಾಜ್ಯದಲ್ಲಿ ಪಾರ್ಕಿನ್ಸನ್ಸ್ ಇದ್ದ 195 ಜನರಿಗೆ 24 ವಾರ ಕಲಿಸಿ ನೋಡಿದ್ರು, ಬ್ಯಾಲೆನ್ಸ್ ವಿಷಯದಲ್ಲಿ ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ, ತೂಕದ ವ್ಯಾಯಾಮ ಮಾಡಿದವರಿಗಿಂತ ತೈಚಿಯವರು ಮುಂದಿದ್ರು. ಇದರಲ್ಲಿ ಮ್ಯಾಜಿಕ್ ಏನಿಲ್ಲ. ವಯಸ್ಸಾದವರು ಬೀಳೋದು ಹೆಚ್ಚಾಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ತೂಕ ಹೋಗೋ ಆ ಕ್ಷಣದಲ್ಲಿ, ತಿರುಗುವಾಗ, ಹೊಸಿಲು ದಾಟುವಾಗ. ತೈಚಿ ಕ್ರಮ ಇಡೀ ಆ ಒಂದು ಕ್ಷಣವನ್ನೇ ಎಳೆದು ಎಳೆದು ನಿಧಾನ ಮಾಡಿದ್ದು, ಚೆಂಗ್ ಅಂತೂ ಒಂದು ಕಾಲು ಎತ್ತೋ ಮುಂಚೆ ಮೈಯ ನೂರಕ್ಕೆ ನೂರು ತೂಕ ಇನ್ನೊಂದು ಕಾಲಿಗೆ ಇಳಿದಿರಬೇಕು, ಎರಡು ಕಾಲಿಗೂ ಸಮ ಹಂಚಿ ನಿಂತ್ರೆ ಅದೇ ದೊಡ್ಡ ತಪ್ಪು ಅಂತಿದ್ರು. ತಳ್ಳಿದ್ರೆ ಬೀಳಬಾರದು ಅಂತ ಮಾಡಿದ ನಿಯಮ ಬಾತ್‌ರೂಮಲ್ಲಿ ಜಾರಿದಾಗಲೂ ಕೆಲಸ ಮಾಡತ್ತೆ. ಹಾಗಾಗಿ ಹೊಡೆದಾಟದ ತೈಚಿ ಬೇರೆ, ಆರೋಗ್ಯದ ತೈಚಿ ಬೇರೆ ಅನ್ನೋ ಮಾತು ನನಗೆ ಪೂರ್ತಿ ಸರಿ ಅನ್ಸಲ್ಲ.

ಮೈಸೂರಿನ ಯೋಗ ಜಗತ್ತಿಗೆ ಹೋದ ಕಥೆ ಗೊತ್ತಿರೋರಿಗೆ ಇದೆಲ್ಲ ಎಲ್ಲೋ ಕೇಳಿದಂಗೆ ಇರತ್ತೆ. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ಚಿಕ್ಕಂದಿನಲ್ಲಿ ಕ್ಷಯದಿಂದ ಬಳಲಿದವರೇ, ಚೆಂಗ್ ತೀರಿಕೊಂಡ 1975ರಲ್ಲೇ ಪಟ್ಟಾಭಿ ಜೋಯಿಸರು ಮೊದಲ ಸಲ ಅಮೆರಿಕಕ್ಕೆ ಕಾಲಿಟ್ರು. ಆದ್ರೆ ಯೋಗಾಸನ ಮಾಡೋರನ್ನ ಯಾರೂ ರಿಂಗಿಗೆ ಬಾ ಅಂತ ಕರೆಯಲ್ಲ, ತೈಚಿ ಹೆಸರಿನ ಕೊನೇಲಿರೋ 'ಚ್ವಾನ್' ಅನ್ನೋ ಪದಕ್ಕೆ ಮುಷ್ಟಿ ಅಂತ ಅರ್ಥ, ಅದು ಬಿಡಿಸ್ಕೊಂಡು ಹೋಗೋಕೆ ಬಿಡಲ್ಲ.

1975ರ ಮಾರ್ಚ್ 26ರಂದು ತೈವಾನಲ್ಲಿ ಚೆಂಗ್ ತೀರಿಕೊಂಡ್ರು, 72 ವರ್ಷ. ಚಿತ್ರ, ಕವಿತೆ, ಕ್ಯಾಲಿಗ್ರಫಿ, ವೈದ್ಯ, ತೈಚಿ, ಐದರಲ್ಲೂ ಪಳಗಿದವರು ಅಂತ ಐದು ಶ್ರೇಷ್ಠತೆಗಳ ಗುರು ಅಂತ ಕರೀತಾರೆ. ಜೀವನಪೂರ್ತಿ ನಂದು ಯಾಂಗ್ ಶೈಲಿನೇ, ಚೆಂಗ್ ಶೈಲಿ ಅಂತ ಒಂದಿಲ್ಲ ಅಂದವರು, ಹೋದ ಮೇಲೆ ಚೆಂಗ್ ಶೈಲಿ ಅಂತನೇ ನೂರಾರು ಬೋರ್ಡು ಎದ್ದವು, ಪಾದ ಎಷ್ಟು ತಿರುಗಿಸಬೇಕು ಅಂತ ಶಿಷ್ಯರ ಶಿಷ್ಯರು ಇವತ್ತಿಗೂ ಕಿತ್ತಾಡ್ತಾರೆ.

ಮಾ ಬಾವ್‌ಗ್ವೋ 2020ರಲ್ಲಿ ಮಾಡಿದ ಒಂದು ವಿಡಿಯೋದಲ್ಲಿ, ಒಬ್ಬ ಹುಡುಗ ತನ್ನ ಕಣ್ಣಿಗೆ ಗುದ್ದಿದ್ದು ಹೇಗೆ ಅಂತ ವಿವರಿಸ್ತಾರೆ. ಕಣ್ಣು ಊದಿಕೊಂಡಿದೆ, ಆದ್ರೂ ಅವರು ಹೇಳೋದು, ಸಾಂಪ್ರದಾಯಿಕ ಕುಂಗ್‌ಫು ನಿಯಮದ ಪ್ರಕಾರ ಅವನು ಆಗಲೇ ಸೋತಿದ್ದ ಅಂತ. ಇದನ್ನ ನೋಡಿದಾಗೆಲ್ಲ ನನಗೆ ಚೆಂಗ್ ಪುಸ್ತಕದ ಒಂದು ಜಾಗ ನೆನಪಾಗತ್ತೆ. ಯಾಂಗ್ ಹತ್ರ ಕಲಿಯುವಾಗ ಝಾಂಗ್ ಚಿಂಗ್‌ಲಿನ್ ಅಂತ ಒಬ್ಬ ಜೊತೆಗಾರ ಇದ್ರು, ದಿನಾ ಜೋಡಿ ನಿಂತು ತಳ್ಳುವಾಗ ಅವರ ಮುಂದೆ ಇವರ ಆಟ ನಡೀತಾನೇ ಇರ್ಲಿಲ್ಲ. ಗುರು ಸುಂಗ್ ಸುಂಗ್ ಅಂತ ಬಡ್ಕೊಳ್ತಾನೇ ಇದ್ರು, ಇವರಿಗೆ ಹತ್ತಲ್ಲ. ಒಂದು ರಾತ್ರಿ ಕನಸು ಬಿತ್ತು, ಎರಡೂ ತೋಳು ಮುರಿದು ಭುಜಕ್ಕೆ ಬರೀ ರಬ್ಬರ್ ದಾರದಲ್ಲಿ ಕಟ್ಟಿದ ಗೊಂಬೆಯ ತೋಳಿನ ಹಾಗೆ ಜೋತಾಡ್ತಿವೆ, ಬೆಚ್ಚಿಬಿದ್ದು ಎದ್ರು. ಮಾರನೇ ದಿನ ಮತ್ತೆ ಝಾಂಗ್ ಎದುರಿಗೆ ನಿಂತ್ರು, ಕೈಗಳನ್ನ ಆ ಗೊಂಬೆ ತೋಳಿನ ಹಾಗೇ ಬಿಟ್ರು. ಅವತ್ತು ಝಾಂಗ್ ಮುಖದಲ್ಲಿ ಆಶ್ಚರ್ಯ. ಅದಕ್ಕೆ ಹಿಂದಿನ ದಿನದವರೆಗೂ ದಿನಾ ಸೋಲ್ತಿದ್ದೆ ಅನ್ನೋದನ್ನ ಚೆಂಗ್ ಮುಚ್ಚಿಡಲಿಲ್ಲ, ಆಗ ಅವರು ಮಾಸ್ಟರು, ಶಿಷ್ಯರು ಓದೋ ಪುಸ್ತಕ ಅದು, ಆದ್ರೂ ಝಾಂಗ್ ಹೆಸರು ಸಮೇತ ಬರೆದಿಟ್ರು.